ಹಳೇ ಸೆರಾಮಿಕ್ ಕುಂಡಕ್ಕೆ ತೂತು ಕೊರೆಯಬೇಡಿ

1950-60ರ ದಶಕದ ಸೆರಾಮಿಕ್ ಕುಂಡದಲ್ಲಿ ಗಿಡ ಇಡುವುದಾದರೆ, ಅದರೊಳಗೆ ನೇರವಾಗಿ ಮಣ್ಣು ತುಂಬಬೇಡಿ. ಗಿಡ ಒಂದು ಸೈಜ್ ಚಿಕ್ಕ ಪ್ಲಾಸ್ಟಿಕ್ ಕುಂಡದಲ್ಲೇ ಇರಲಿ. ಸೆರಾಮಿಕ್ ಕುಂಡದ ತಳದಲ್ಲಿ ಮೂರು ಬಾಟಲಿ ಮುಚ್ಚಳ ಬೋರಲು ಹಾಕಿ, ಅದರ ಮೇಲೆ ಕೂರಿಸಿ. ನೀರು ಹಾಕುವಾಗ ಹೊರಗೆ ತೆಗೆದು, ಪೂರ್ತಿ ಸೋರಿದ ಮೇಲೆ ವಾಪಸ್ ಇಡಿ. ಇಂಥ ಎಷ್ಟೋ ಕುಂಡಗಳಿಗೆ ತಳದಲ್ಲಿ ತೂತೇ ಇರುವುದಿಲ್ಲ, ಬೇರು ಕೊಳೆಯುತ್ತದೆ. ಕುಂಡದ ಹೊಳಪಿನ ಲೇಪದ ಮೇಲೆ ಕೂದಲೆಳೆಯಂಥ ಬಿರುಕಿದ್ದರಂತೂ ತೇವ ಒಳಗಿಳಿದು ಕಲೆ ಕಟ್ಟುತ್ತದೆ, ಆ ಚಂದದ ಬಣ್ಣ ಹಾಳಾಗುತ್ತೆ ಅಲ್ವಾ? ಡ್ರಿಲ್ ಹಾಕಿದರೆ ಸೀಳಿ ಹೋಗುವ ಭಯ ಬೇರೆ. ಬಾಯಿ ಕಿರಿದಾಗಿ ಹೊಟ್ಟೆ ಅಗಲ ಇರುವ ಕುಂಡಕ್ಕೆ ಈ ಉಪಾಯ ನಡೆಯುವುದಿಲ್ಲ. ಅದನ್ನು ಒಣಹೂವಿಗೆ ಇಟ್ಟುಕೊಳ್ಳಿ. ಹಳೇ ಹೊಳಪಿನ ಲೇಪದಲ್ಲಿ ಸೀಸ ಇರಬಹುದು, ಹಾಗಾಗಿ ತಿನ್ನುವ ಸೊಪ್ಪು ಮಾತ್ರ ಬೇಡವೇ ಬೇಡ.