ಎಚ್81 ಬೋರ್ಡ್ ಮೇಲೆ ಸಿಕೋಯಾ: ರೂಟ್ ಪ್ಯಾಚ್ ಇಲ್ಲದೆ ಓಡಿಸಿದ ನನ್ನ ಅನುಭವ

ಐ5-4590 ಪ್ರೊಸೆಸರ್ (ಇಂಟೆಲ್‌ನ ಹ್ಯಾಸ್‌ವೆಲ್ ತಲೆಮಾರು), ಎಚ್81 ಮದರ್‌ಬೋರ್ಡ್, 16 ಜಿಬಿ ಡಿಡಿಆರ್3, ಆರ್‌ಎಕ್ಸ್ 570 ಗ್ರಾಫಿಕ್ಸ್ ಕಾರ್ಡ್. ಇಷ್ಟರ ಮೇಲೆ ಆ್ಯಪಲ್‌ನ ಮ್ಯಾಕ್‌ಓಎಸ್ ಸಿಕೋಯಾ ಎಂಟು ತಿಂಗಳಿಂದ ಓಡ್ತಾ ಇದೆ. ರೂಟ್ ಪ್ಯಾಚ್ (ಆ್ಯಪಲ್‌ನ ಸಿಸ್ಟಂ ಫೈಲ್‌ಗಳನ್ನೇ ತಿದ್ದೋದು) ಇಲ್ಲ, ಎಸ್‌ಐಪಿ (ಆ ಫೈಲ್‌ಗಳನ್ನ ಕಾಯೋ ರಕ್ಷಣೆ) ಪೂರ್ತಿ ಆನ್, ಅಪ್‌ಡೇಟ್ ಸಿಸ್ಟಂ ಸೆಟ್ಟಿಂಗ್ಸ್‌ನಿಂದಲೇ ಇಳಿಯುತ್ತೆ. "ಹ್ಯಾಸ್‌ವೆಲ್ ಕಥೆ ಮಾಂಟೆರಿಗೇ ಮುಗೀತು, ಮುಂದಕ್ಕೆ ಹೋದ್ರೆ ಪ್ಯಾಚ್ ಹಾಕ್ತಾನೇ ಇರ್ಬೇಕು" ಅಂತ ದಾವಣಗೆರೆಯಲ್ಲಿ ನನಗೆ ಗೊತ್ತಿರೋ ಮೂರ್ನಾಲ್ಕು ಜನ ಹ್ಯಾಕಿಂಟಾಷ್‌ನವರೆಲ್ಲ (ಆ್ಯಪಲ್ ಅಲ್ಲದ ಪಿಸಿಯಲ್ಲಿ ಮ್ಯಾಕ್‌ಓಎಸ್ ಓಡಿಸೋರು) ಒಂದೇ ರಾಗ ಹಾಡಿದ್ರು. ಮಾಂಟೆರಿ ಅಂದ್ರೆ ಸಿಕೋಯಾಕ್ಕಿಂತ ಮೂರು ಆವೃತ್ತಿ ಹಿಂದಿನ ಮ್ಯಾಕ್‌ಓಎಸ್. ಮುಗಿದದ್ದು ಹ್ಯಾಸ್‌ವೆಲ್ ಒಳಗಿನ ಗ್ರಾಫಿಕ್ಸ್ ಕಥೆ, ಪ್ರೊಸೆಸರ್‌ದಲ್ಲ. ಈ ಎರಡನ್ನೂ ಒಂದೇ ಅಂದ್ಕೊಂಡಿದ್ದೇ ಎಲ್ಲರ ತಪ್ಪು. ಎರಡು ತಿಂಗಳು ನನ್ನದೂ ಅದೇ ತಪ್ಪು.

ಮಾಂಟೆರಿಯಲ್ಲೇ ಇರಬಹುದಿತ್ತಲ್ಲ ಅಂತ ಕೇಳಬಹುದು. ಆ್ಯಪ್ ಕಟ್ಟೋರಿಗೆ ಆ ದಾರಿ ಇಲ್ಲ. 2025ರ ಏಪ್ರಿಲ್‌ನಲ್ಲಿ ಆ್ಯಪ್ ಸ್ಟೋರ್‌ಗೆ ಏರಿಸೋಕೆ ಎಕ್ಸ್‌ಕೋಡ್ 16 (ಆ್ಯಪಲ್‌ನ ಆ್ಯಪ್ ಕಟ್ಟೋ ಟೂಲ್) ಕಡ್ಡಾಯ ಆಯ್ತು, ಅದು ಸೊನೋಮಾಕ್ಕಿಂತ (ಸಿಕೋಯಾದ ಹಿಂದಿನ ಆವೃತ್ತಿ) ಕೆಳಗೆ ಕೂರಲ್ಲ. ಎಕ್ಸ್‌ಕೋಡ್ 26ರ ಮೊದಲ ಆವೃತ್ತಿಗೆ ಸಿಕೋಯಾ 15.6 ಸಾಕು. ಹಾಗಾಗಿ ನನ್ನ ಗುರಿ ಸಿಕೋಯಾ ಒಂದೇ.

ಮೊದಲು ಮಾಡಿದ್ದು ಎಲ್ಲರೂ ಮಾಡೋದನ್ನೇ. ಪ್ರೊಸೆಸರ್ ಒಳಗಿನ ಎಚ್‌ಡಿ 4600 ಗ್ರಾಫಿಕ್ಸ್ (ಮುಂದೆ ಬೋರ್ಡ್‌ನ ಗ್ರಾಫಿಕ್ಸ್ ಅಂದ್ರೆ ಇದೇ) ಇಟ್ಕೊಂಡು, ಓಪನ್‌ಕೋರ್ ಲೆಗಸಿ ಪ್ಯಾಚರ್‌ನಿಂದ ರೂಟ್ ಪ್ಯಾಚ್. ಅದಕ್ಕಾಗಿ ರಕ್ಷಣೆ ಎಲ್ಲಾ ಸಡಿಲ: ಎಸ್‌ಐಪಿ 03080000, ಸೆಕ್ಯೂರ್‌ಬೂಟ್‌ಮಾಡೆಲ್ ಡಿಸೇಬಲ್ಡ್, ಎಎಂಎಫ್‌ಐಪಾಸ್. ಓಡುತ್ತೆ, ಇಲ್ಲ ಅನ್ನಲ್ಲ. ಆದ್ರೆ ಸಿಸ್ಟಂ ವಾಲ್ಯೂಮ್‌ನ ಸೀಲ್ (ಫೈಲ್ ಬದಲಾಗಿಲ್ಲ ಅನ್ನೋ ಆ್ಯಪಲ್ ಮುದ್ರೆ) ಒಡೆದಿರೋದ್ರಿಂದ ಒಂದೊಂದು ಸಣ್ಣ ಅಪ್‌ಡೇಟ್‌ಗೂ ಪೂರ್ತಿ ಇನ್‌ಸ್ಟಾಲರ್, ಹತ್ತಿರ ಹತ್ತಿರ 14 ಜಿಬಿ, ಮತ್ತೆ ಇಳಿಸ್ಬೇಕು. ಇಳಿದ ಮೇಲೆ ಪ್ಯಾಚ್ ಹಾರಿಹೋಗಿರುತ್ತೆ. ಆ್ಯಕ್ಸಿಲರೇಶನ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮೌಸ್ ಎಳೆಯೋದು ಕೆಸರಲ್ಲಿ ಎತ್ತಿನಗಾಡಿ ಎಳೆದ ಹಾಗೆ. ಮೂರು ಅಪ್‌ಡೇಟ್ ಹಾಗೇ ಮಾಡಿ ಕೈಬಿಟ್ಟೆ.

ಗೆದ್ದ ದಾರಿ ಇಷ್ಟೇ. ಬೋರ್ಡ್‌ನ ಗ್ರಾಫಿಕ್ಸ್ ಬಯೋಸ್‌ನಲ್ಲೇ ಆಫ್. ಎಎಂಡಿಯ ಪೊಲಾರಿಸ್ ಕಾರ್ಡ್, ಅಂದ್ರೆ ಆರ್‌ಎಕ್ಸ್ 560, 570 ಅಥವಾ 580. ಎಸ್‌ಎಂಬಯೋಸ್ (ಮ್ಯಾಕ್‌ಓಎಸ್‌ಗೆ ನಾವು ಹೇಳೋ ಮಾಡೆಲ್ ಹೆಸರು) ಐಮ್ಯಾಕ್‌ಪ್ರೊ1,1. ಐಮ್ಯಾಕ್ ಪ್ರೊದಲ್ಲಿ ಇಂಟೆಲ್ ಗ್ರಾಫಿಕ್ಸ್ ಇಲ್ಲವೇ ಇಲ್ಲ, ಹಾಗಾಗಿ ವಿಡಿಯೋ ಡಿಕೋಡ್ ಎಲ್ಲಾ ಎಎಂಡಿ ಕಾರ್ಡ್ ಮೇಲೇ ಹೋಗುತ್ತೆ. ಐಮ್ಯಾಕ್19,1 ಹಾಕಿ ನೋಡಿದೆ, ಅದು ಇಂಟೆಲ್ ಗ್ರಾಫಿಕ್ಸ್ ಇದೆ ಅಂತ ನಂಬ್ಕೊಂಡು ಹುಡುಕುತ್ತೆ; ವಿಡಿಯೋ ಪ್ರಿವ್ಯೂ ತಡವರಿಸ್ತು. ಹ್ಯಾಸ್‌ವೆಲ್‌ನಲ್ಲಿ ಎವಿಎಕ್ಸ್2 (ಪ್ರೊಸೆಸರ್‌ನ ಒಂದು ಸೂಚನಾ ಗುಂಪು) ಇರೋದ್ರಿಂದ ಪೊಲಾರಿಸ್ ಡ್ರೈವರ್‌ಗೆ ಬೇರೆ ಸರ್ಕಸ್ ಬೇಡ. ಹಿಂದಿನ ತಲೆಮಾರಿನ ಐವಿ ಬ್ರಿಡ್ಜ್‌ನವರಿಗೆ ಈ ಭಾಗ್ಯ ಇಲ್ಲ, ಅವರಿಗೆ ಕ್ರಿಪ್ಟೆಕ್ಸ್‌ಫಿಕ್ಸಪ್ ಅನ್ನೋ ಸೇರ್ಪಡೆ ಬೇಕು, ಪ್ಯಾಚೂ ಬೇಕು. ಹ್ಯಾಸ್‌ವೆಲ್ ಅಂದ ಮಾತ್ರಕ್ಕೆ ಖುಷಿಪಡಬೇಡಿ: ಆಫೀಸ್ ಸ್ಕ್ರ್ಯಾಪ್‌ನಲ್ಲಿ ಬರೋ ಎಚ್81 ಡಬ್ಬಿಗಳಲ್ಲಿ ಅರ್ಧಕ್ಕರ್ಧ ಪೆಂಟಿಯಂ ಜಿ3220 ಇರುತ್ತೆ, ಅದೂ ಹ್ಯಾಸ್‌ವೆಲ್ಲೇ, ಎವಿಎಕ್ಸ್2 ಮಾತ್ರ ಇಲ್ಲ. ನಂದೂ ಹಾಗೇ ಬಂದಿತ್ತು. ಐ5 ತಂದು ಕೂರಿಸಿದೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಡಬ್ಬಿ 2,800, ಐ5 2,600, 8 ಜಿಬಿಯ ಎರಡು ರ‍್ಯಾಮ್ 1,700, ಆರ್‌ಎಕ್ಸ್ 570 4 ಜಿಬಿ 4,500, ಪವರ್ ಸಪ್ಲೈ 2,400, 480 ಜಿಬಿ ಸಾಟಾ ಎಸ್‌ಎಸ್‌ಡಿ 2,600. ಸುಮಾರು ಹದಿನಾರೂವರೆ ಸಾವಿರ. ಮಣ್ಣುಪಾಲಾಗಿದ್ದು ಇನ್ನೊಂದು ಮೂರು ಸಾವಿರ ಚಿಲ್ಲರೆ, ಅದರ ಕಥೆ ಕೆಳಗಿದೆ.

ಆ ಮೂರು ಸಾವಿರದಲ್ಲಿ ದೊಡ್ಡ ಪಾಲು ಆರ್‌ಎಕ್ಸ್ 550ದು. 2,700 ಕೊಟ್ಟೆ. ಪೊಲಾರಿಸ್ಸೇ, 6 ಪಿನ್ ವೈರೂ ಬೇಡ ಅಂತ ಆಸೆಬಿದ್ದೆ. ಈ ಹೆಸರಲ್ಲಿ ಎರಡು ಚಿಪ್ ಬರುತ್ತೆ, ಬ್ಯಾಫಿನ್ ಮತ್ತು ಲೆಕ್ಸಾ. ಲೆಕ್ಸಾಗೆ ಮ್ಯಾಕ್‌ಓಎಸ್‌ನಲ್ಲಿ ಡ್ರೈವರ್ ಇಲ್ಲ. ಡಬ್ಬದ ಮೇಲೆ, ಸ್ಟಿಕರ್ ಮೇಲೆ ಎಲ್ಲೂ ಗೊತ್ತಾಗಲ್ಲ. ವಿಂಡೋಸ್‌ನಲ್ಲಿ ಜಿಪಿಯು-ಝಡ್ ಪ್ರೋಗ್ರಾಂ ತೆರೆದು ಡಿವೈಸ್ ಐಡಿ ನೋಡಿ: 699ಎಫ್ ಬಂದ್ರೆ ಲೆಕ್ಸಾ, ವಾಪಸ್ ಇಡಿ. 67ಎಫ್‌ಎಫ್ ಬ್ಯಾಫಿನ್, 67ಡಿಎಫ್ ಆದ್ರೆ 470, 480, 570 ಅಥವಾ 580. ಬೆಂಗಳೂರಿನ ಎಸ್‌ಪಿ ರೋಡ್‌ವರೆಗೆ ಹೋಗಿ ತರೋರು ಅಂಗಡಿಯಲ್ಲೇ ಮಾನಿಟರ್‌ಗೆ ಹಚ್ಚಿಸಿ ಈ ನಂಬರ್ ನೋಡದೆ ದುಡ್ಡು ಕೊಡಬೇಡಿ. ರೈಲು ಹತ್ತಿ ವಾಪಸ್ ಹೋದ್ರೂ ಮಾರಿದವನು ತಗೊಳ್ಳಲ್ಲ.

570 ಬಂತು. ವಿಂಡೋಸ್‌ನಲ್ಲಿ ಚೆನ್ನಾಗೇ ಇತ್ತು. ಮ್ಯಾಕ್‌ಓಎಸ್‌ನಲ್ಲಿ ಆ್ಯಪಲ್ ಲೋಗೊ, ಅರ್ಧ ಬಾರ್, ಆಮೇಲೆ ಡ್ರೈವರ್ ಏರೋ ಹೊತ್ತಿಗೆ ಸರಿಯಾಗಿ ಸ್ಕ್ರೀನ್ ಕಪ್ಪು. ಬೂಟ್ ಆರ್ಗ್ಯುಮೆಂಟ್ ಬದಲಾಯಿಸಿ ಬದಲಾಯಿಸಿ ಒಂದು ವಾರ ಹೋಯ್ತು. ಕಾರಣ ಓಪನ್‌ಕೋರ್‌ನಲ್ಲಿ (ಮ್ಯಾಕ್‌ಓಎಸ್ ಎಬ್ಬಿಸೋ ಬೂಟ್‌ಲೋಡರ್) ಇರಲೇ ಇಲ್ಲ. ಮೈನಿಂಗ್ ಮಾಡಿ ಬಿಸಾಕಿದ ಕಾರ್ಡ್ ಅದು, ಬಯೋಸ್ ತಿದ್ದಿದ್ರು. ಜಿಪಿಯು-ಝಡ್‌ನಲ್ಲಿ ಮೆಮೊರಿ ಕ್ಲಾಕ್ 1750 ಇರ್ಬೇಕಾದ್ದು 2000 ದಾಟಿತ್ತು, ಕೋರ್ ಕ್ಲಾಕ್ ತಗ್ಗಿಸಿತ್ತು. ಇದೇ ಗುರುತು. ಅದೇ ಮಾಡೆಲ್‌ನ ಮೂಲ ಬಯೋಸ್ ಹುಡುಕಿ ಫ್ಲ್ಯಾಶ್ ಮಾಡಿದ ಮೇಲೆ ಮೊದಲ ಬೂಟ್‌ಗೇ ಲಾಗಿನ್ ಸ್ಕ್ರೀನ್ ಬಂತು.

ಫ್ಲ್ಯಾಶ್ ಮಾಡೋ ಮುಂಚೆ ಮೂರು ಕೆಲಸ. ಈಗಿರೋ ಬಯೋಸನ್ನ ಜಿಪಿಯು-ಝಡ್‌ನಿಂದಲೇ ಉಳಿಸ್ಕೊಳ್ಳಿ. ಮೆಮೊರಿ ಚಿಪ್ ಯಾರದ್ದು ನೋಡಿ, ಸ್ಯಾಮ್‌ಸಂಗಾ, ಹೈನಿಕ್ಸಾ, ಎಲ್ಪಿಡಾ, ಮೈಕ್ರಾನಾ ಅಂತ. ಹೊಸ ಬಯೋಸ್‌ನಲ್ಲಿ ಆ ಮೆಮೊರಿಯ ಟೈಮಿಂಗ್ ಇರ್ಬೇಕು, ಇಲ್ಲದಿದ್ರೆ ಕಾರ್ಡ್ ಚಿತ್ರವನ್ನೇ ಕೊಡಲ್ಲ. ನನಗೆ ಎರಡನೇ ಸಲ ಹಾಗೇ ಆಯ್ತು. ಮೂರನೇದು, ಬೋರ್ಡ್‌ನ ಗ್ರಾಫಿಕ್ಸ್ ಇನ್ನೂ ಆಫ್ ಮಾಡಿರಬಾರದು. ಕಾರ್ಡ್ ಕುರುಡಾದ್ರೆ ಬೋರ್ಡ್‌ನ ವಿಜಿಎ ಇಂದಲೇ ವಿಂಡೋಸ್ ಎತ್ತಿ ಮತ್ತೆ ಫ್ಲ್ಯಾಶ್ ಮಾಡ್ಬೇಕಾಗುತ್ತೆ. ಕೆಲವು ಕಾರ್ಡ್‌ಗಳ ಅಂಚಲ್ಲಿ ಸಣ್ಣ ಸ್ವಿಚ್ ಇರುತ್ತೆ, ಎರಡು ಬಯೋಸ್; ಇದ್ರೆ ಮೊದಲು ಅದನ್ನೇ ಸರಿಸಿ ನೋಡಿ.

ಪವರ್ ಸಪ್ಲೈ ವಿಷಯಕ್ಕೆ ಲೇಬಲ್ ಓದಿ ಸಾಕು. ಡಬ್ಬಿ ಜೊತೆ ಬಂದದ್ದರ ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. 12 ವೋಲ್ಟ್ ಸಾಲಿನಲ್ಲಿ 18 ಆ್ಯಂಪಿಯರ್, ಗುಣಿಸಿದ್ರೆ 216 ವ್ಯಾಟ್. ಕಾರ್ಡ್ 150, ಐ5 84, ಅಲ್ಲಿಗೇ 234 ಆಯ್ತು. ಸುಮ್ನೆ ಕೂತಾಗ ಏನೂ ಆಗಲ್ಲ, ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಚ್ಚಿದ ಎರಡು ನಿಮಿಷಕ್ಕೆ ಟಪ್ ಅಂತ ಆಫ್. ಪ್ಯಾನಿಕ್ ಲಾಗ್ ಕೂಡ ಇರಲ್ಲ, ಅದೇ ಸುಳಿವು. ಮೋಲೆಕ್ಸ್‌ನಿಂದ 8 ಪಿನ್‌ಗೆ ಬರೋ ಕನ್ವರ್ಟರ್ ವೈರ್ ಹಾಕೋ ಯೋಚನೆ ಬೇಡ, ತುದಿ ಕಂದು ಬಣ್ಣಕ್ಕೆ ತಿರುಗಿದ್ದನ್ನ ಕಣ್ಣಾರೆ ನೋಡಿದೀನಿ. ಇನ್ನೊಂದು: ಒಳ್ಳೆ ಪವರ್ ಸಪ್ಲೈನಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಅನ್ನೋ ಸರ್ಕ್ಯೂಟ್ ಇರುತ್ತೆ, ಅಗ್ಗದ ಯುಪಿಎಸ್‌ನ ಚೌಕ ಅಲೆ ಅದಕ್ಕೆ ಹಿಡಿಸಲ್ಲ, ಕರೆಂಟ್ ಹೋದ ಕ್ಷಣ ಎರಡೂ ಒಟ್ಟಿಗೆ ಮಲಗ್ತವೆ. ಏಪ್ರಿಲ್ ತಿಂಗಳ ನಮ್ಮೂರಲ್ಲಿ ಇದನ್ನ ದಿನಾ ಪರೀಕ್ಷೆ ಮಾಡಬಹುದು. ಬದಲಿಸಿದ ಯುಪಿಎಸ್‌ನ ದುಡ್ಡು ಮೇಲಿನ ಲೆಕ್ಕದಲ್ಲಿ ಸೇರಿಲ್ಲ.

ಇನ್‌ಸ್ಟಾಲ್‌ನಲ್ಲಿ ಅತಿ ಹೆಚ್ಚು ಕಾಡಿದ್ದು ನಲವತ್ತು ರೂಪಾಯಿ ಸಾಮಾನು. ಮ್ಯಾಕ್‌ರಿಕವರಿಯಿಂದ ರಿಕವರಿ ಇಮೇಜ್ ಇಳಿಸಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ್ರೆ, ರಿಕವರಿ ಸರ್ವರ್ ಸಂಪರ್ಕ ಆಗ್ತಿಲ್ಲ ಅನ್ನೋ ಸಂದೇಶ. ಈಥರ್ನೆಟ್ ಕೆಕ್ಸ್ಟ್ (ಮ್ಯಾಕ್‌ಓಎಸ್‌ನ ಡ್ರೈವರ್ ಫೈಲ್) ಬದಲಾಯಿಸ್ದೆ, ಕೇಬಲ್ ಬದಲಾಯಿಸ್ದೆ, ರೂಟರ್ ಬೈದೆ. ಟರ್ಮಿನಲ್‌ನಲ್ಲಿ ಡೇಟ್ ಅಂತ ಹೊಡೆದಾಗ 2014 ತೋರಿಸ್ತು. ಬೋರ್ಡ್‌ನ ಗಡಿಯಾರ, ಬಯೋಸ್ ಸೆಟ್ಟಿಂಗ್ ಉಳಿಸೋ ಸಿಆರ್2032 ಸೆಲ್ ಸತ್ತಿತ್ತು. ದಿನಾಂಕ ತಪ್ಪಿದ್ರೆ ಸರ್ವರ್‌ನ ಸರ್ಟಿಫಿಕೇಟ್ ಒಪ್ಪಲ್ಲ, ಅಷ್ಟೇ. ಅದರ ಜೊತೆಗೇ ಸ್ವಿಚ್ ಆಫ್ ಮಾಡಿದಾಗೆಲ್ಲ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆ ಬಗೆಯ ಬೂಟ್) ತಾನಾಗೇ ಆನ್ ಆಗ್ತಿತ್ತು, ಸಾಟಾ ಎಎಚ್‌ಸಿಐ ಇಂದ ಐಡಿಇಗೆ ಹಾರ್ತಿತ್ತು; ನಿನ್ನೆ ಬೂಟ್ ಆಗಿದ್ದು ಇವತ್ತು ಆಗಲ್ಲ ಅನ್ನೋ ನಿಗೂಢ ಎಲ್ಲಾ ಅಲ್ಲೇ ಬಗೆಹರೀತು. ಹಳೆ ಬೋರ್ಡ್ ಕೈಗೆ ಬಂದ ತಕ್ಷಣ ಸೆಲ್ ಬದಲಾಯಿಸಿ, ಆಮೇಲೆ ಓಪನ್‌ಕೋರ್ ಮಾತು.

ಓಪನ್‌ಕೋರ್‌ನ ಕಾನ್ಫಿಗ್ ಬಗ್ಗೆ ಹೆಚ್ಚೇನಿಲ್ಲ. ಲೀಲು, ವಾಟೆವರ್‌ಗ್ರೀನ್, ವರ್ಚುವಲ್‌ಎಸ್‌ಎಂಸಿ, ಆ್ಯಪಲ್‌ಎಎಲ್‌ಸಿ, ರಿಯಲ್‌ಟೆಕ್‌ಆರ್‌ಟಿಎಲ್8111, ರೆಸ್ಟ್ರಿಕ್ಟ್‌ಈವೆಂಟ್ಸ್, ಯುಎಸ್‌ಬಿ ಮ್ಯಾಪ್. ಇಷ್ಟೇ ಕೆಕ್ಸ್ಟ್. ಸಿಎಫ್‌ಜಿ ಲಾಕ್ ಆಫ್ ಮಾಡೋ ಆಯ್ಕೆ ಬಯೋಸ್‌ನಲ್ಲಿ ಸಿಗದಿದ್ರೆ ಆ್ಯಪಲ್‌ಎಕ್ಸ್‌ಸಿಪಿಎಂ‌ಸಿಎಫ್‌ಜಿಲಾಕ್ ಆನ್. ಬೂಟ್ ಆಗೋವಾಗ ಎಕ್ಸಿಟ್‌ಬಿಎಸ್ ಸ್ಟಾರ್ಟ್ ಅನ್ನೋ ಸಾಲಿನ ಹತ್ತಿರ ನಿಂತ್ರೆ ಬೂಟರ್ ಕ್ವಿರ್ಕ್ ನೋಡಿ: ಹೊಸ ಬೋರ್ಡ್‌ನ ಕಾನ್ಫಿಗ್ ಕಾಪಿ ಹೊಡೆದಿದ್ರೆ ರೀಬಿಲ್ಡ್‌ಆ್ಯಪಲ್‌ಮೆಮೊರಿಮ್ಯಾಪ್ ಆನ್ ಇರುತ್ತೆ, ಇಲ್ಲಿ ಅದು ಆಫ್, ಎನೇಬಲ್‌ರೈಟ್‌ಅನ್‌ಪ್ರೊಟೆಕ್ಟರ್ ಆನ್. ಶಬ್ದಕ್ಕೆ ಬೋರ್ಡ್‌ನ ಚಿಪ್ ಎಎಲ್‌ಸಿ887; ಲೇಔಟ್ 1, 2, 3, 5 ಎಲ್ಲಾ ಹಾಕಿ ಕೊನೆಗೆ 7ಕ್ಕೆ ಹಿಂದಿನ ಜ್ಯಾಕ್ ಮಾತಾಡ್ತು. ಮುಂದಿನ ಜ್ಯಾಕ್ ಇವತ್ತಿಗೂ ಮೂಗ.

ಯುಎಸ್‌ಬಿ ಮ್ಯಾಪ್ ಬಿಟ್ಟು ಮುಂದೆ ಹೋಗೋಕಾಗಲ್ಲ. ಮ್ಯಾಕ್‌ಓಎಸ್ ಒಂದು ಕಂಟ್ರೋಲರ್‌ಗೆ ಹದಿನೈದೇ ಪೋರ್ಟ್ ಒಪ್ಪೋದು; ಆ ಮಿತಿ ತೆಗೆಯೋ ಎಕ್ಸ್‌ಎಚ್‌ಸಿಐಪೋರ್ಟ್‌ಲಿಮಿಟ್ ಕ್ವಿರ್ಕ್ ಬಿಗ್ ಸರ್ 11.3ರಿಂದ ಕೆಲಸ ಮಾಡಲ್ಲ. ಎಚ್81ನಲ್ಲಿ ನಿಜವಾಗಿ ಇರೋದು ಹತ್ತೇ ಪೋರ್ಟ್, ಅದರಲ್ಲಿ ಎರಡು 3.0. ನನ್ನ ಬೋರ್ಡ್‌ನ ಎಸಿಪಿಐ ಟೇಬಲ್ (ಬೋರ್ಡ್ ಓಎಸ್‌ಗೆ ಕೊಡೋ ಹಾರ್ಡ್‌ವೇರ್ ಪಟ್ಟಿ) ಮಾತ್ರ ಹದಿನೈದು ದಾಟಿ ಲೆಕ್ಕ ಕೊಡ್ತಿತ್ತು. ವಿಂಡೋಸ್‌ನಲ್ಲಿ ಯುಎಸ್‌ಬಿಟೂಲ್‌ಬಾಕ್ಸ್ ಹಾಕಿ ಒಂದೊಂದು ತೂತಿಗೂ ಒಂದು 2.0, ಒಂದು 3.0 ಪೆನ್‌ಡ್ರೈವ್ ಚುಚ್ಚಿ ಬರ್ಕೊಳ್ಳಿ. 3.0 ಪೋರ್ಟ್ ಒಂದಕ್ಕೆ ಎರಡು ಲೆಕ್ಕ ಅನ್ನೋದು ಮರೀಬೇಡಿ.

ಅಪ್‌ಡೇಟ್ ಮೊದಲು ಕಾಣಿಸ್ಲೇ ಇಲ್ಲ. ಹಳೆ ಪ್ಯಾಚ್ ದಿನಗಳ ಸೆಕ್ಯೂರ್‌ಬೂಟ್‌ಮಾಡೆಲ್ ಡಿಸೇಬಲ್ಡ್ ಹಾಗೇ ಉಳಿದಿತ್ತು. ಐಮ್ಯಾಕ್‌ಪ್ರೊ ಆ್ಯಪಲ್‌ನ ಟಿ2 ಭದ್ರತಾ ಚಿಪ್ಪಿನ ಮಾಡೆಲ್, ಸೊನೋಮಾ 14.4ರ ಮೇಲೆ ಅದು ಹೀಗೆ ಮೊಂಡು ಹಿಡಿಯುತ್ತೆ. ರೆಸ್ಟ್ರಿಕ್ಟ್‌ಈವೆಂಟ್ಸ್ ಇದ್ದು, ಬೂಟ್ ಆರ್ಗ್ಯುಮೆಂಟ್‌ಗೆ ರೆವ್‌ಪ್ಯಾಚ್=ಎಸ್‌ಬಿವಿಎಂಎಂ ಸೇರಿಸಿದ್ರೆ ಬರುತ್ತೆ. ಈಗ 14 ಜಿಬಿ ಅಲ್ಲ, ಒಂದೆರಡು ಜಿಬಿ ಮಾತ್ರ. ಬಾರ್ "12 ನಿಮಿಷ ಉಳಿದಿದೆ" ಅಂತ ನಿಂತಲ್ಲೇ ನಿಂತ್ರೆ ಗಾಬರಿಯಾಗಿ ಬಟನ್ ಒತ್ತಬೇಡಿ, ಮಂಡಕ್ಕಿ ಮಿರ್ಚಿ ತಿಂದು ಬನ್ನಿ.

ಐ5ನ ಫ್ರೀಕ್ವೆನ್ಸಿ ಐಮ್ಯಾಕ್‌ಪ್ರೊ ಪ್ರೊಫೈಲ್‌ನಲ್ಲಿ ಕೆಳಗಿಳಿಯದೆ ಬಿಸಿ ಏರ್ತಿತ್ತು. ಸಿಪಿಯುಫ್ರೆಂಡ್ ಕೆಕ್ಸ್ಟ್‌ನಿಂದ ಸುಮಾರು ಹತ್ತು ಡಿಗ್ರಿ ಇಳಿಸಿದೀನಿ. ಯಾವ ಮಾಡೆಲ್‌ನ ಫ್ರೀಕ್ವೆನ್ಸಿ ವೆಕ್ಟರ್ ತಂದು ಎಲ್ಲಿ ತಿದ್ದಿದೆ ಅನ್ನೋದು ನನ್ನ ಹತ್ರವೇ ಇರಲಿ. ಒಂದು ಭಾನುವಾರ ಕೂತ್ರೆ ನಿಮಗೂ ಸಿಗುತ್ತೆ.

ಅಡ್ಡದಾರಿ ಪ್ರಯೋಗಗಳೂ ಆದ್ವು. ಎನ್‌ವಿಎಂಇ (ಸಾಟಾಕ್ಕಿಂತ ವೇಗದ ಎಸ್‌ಎಸ್‌ಡಿ) ಹಾಕೋಣ ಅಂತ 450 ಕೊಟ್ಟು ಪಿಸಿಐಇ ಅಡಾಪ್ಟರ್ ತಂದೆ. ಬಯೋಸ್‌ಗೆ ಎನ್‌ವಿಎಂಇ ಗೊತ್ತೇ ಇಲ್ಲ, ಆದ್ರೆ ಓಪನ್‌ಕೋರ್ ಜೊತೆ ಬರೋ ಎನ್‌ವಿಎಂ‌ಎಕ್ಸ್‌ಪ್ರೆಸ್‌ಡಿಎಕ್ಸ್‌ಇ ಡ್ರೈವರ್ ಹಾಕಿದ್ರೆ ಡ್ರೈವ್ ಕಾಣುತ್ತೆ, ಬೂಟೂ ಆಗುತ್ತೆ. ಓಪನ್‌ಕೋರನ್ನ ಮಾತ್ರ ಸಾಟಾ ಡಿಸ್ಕ್ ಅಥವಾ ಪೆನ್‌ಡ್ರೈವ್‌ನಲ್ಲಿಡಬೇಕು. ಇಷ್ಟೆಲ್ಲಾ ಮಾಡಿ ಸಿಕ್ಕ ವೇಗ ಸೆಕೆಂಡಿಗೆ 400 ಎಂಬಿಯ ಆಸುಪಾಸು, ಯಾಕಂದ್ರೆ ಉಳಿದಿರೋದು ಪಿಸಿಐಇ 2.0ರ ಒಂದೇ ಲೇನಿನ ಸ್ಲಾಟ್. ಸಾಟಾ ಎಸ್‌ಎಸ್‌ಡಿ 500 ಕೊಡ್ತಿತ್ತು. ತೆಗೆದಿಟ್ಟೆ.

ವೈಫೈಗೆ ಬಿಸಿಎಂ94360 ಕಾರ್ಡ್ ಎರವಲು ತಂದು ನೋಡಿದೆ. ಸೊನೋಮಾದಿಂದ ಅದಕ್ಕೂ ರೂಟ್ ಪ್ಯಾಚ್ ಬೇಕು. ಯಾವ ಸೀಲ್ ಉಳಿಸೋಕೆ ಇಷ್ಟು ಒದ್ದಾಡಿದ್ನೋ ಅದನ್ನೇ ಒಡೀಬೇಕು. ಮೂಲೆಯಲ್ಲಿ ಬಿದ್ದಿದ್ದ ಹಳೆ ರೂಟರನ್ನ ಕ್ಲೈಂಟ್ ಮೋಡ್‌ಗೆ ಹಾಕಿ ಒಂದಡಿ ಲ್ಯಾನ್ ಕೇಬಲ್ ಎಳೆದೆ, ಖರ್ಚು ಸೊನ್ನೆ. ಏರ್‌ಡ್ರಾಪ್ ಇಲ್ಲ, ಇರಲಿ.

ಸಿಕೋಯಾ ನಂತರದ ಆವೃತ್ತಿ ಟಾಹೋ ಕೂಡ ಬೇರೆ ಡಿಸ್ಕ್‌ನಲ್ಲಿ ಏರಿಸಿದೆ. ಅದಕ್ಕೆ ಐಮ್ಯಾಕ್ ಪ್ರೊ ನಡೆಯಲ್ಲ, ಮ್ಯಾಕ್‌ಪ್ರೊ7,1 ಕೊಡಬೇಕು. ಅದರಲ್ಲಿ ಆ್ಯಪಲ್‌ಎಚ್‌ಡಿಎ (ಶಬ್ದದ ಡ್ರೈವರ್) ಕಿತ್ತು ಹಾಕಿರೋದ್ರಿಂದ ಬೋರ್ಡ್‌ನ ಶಬ್ದ ಸತ್ತಿರುತ್ತೆ, ನೂರೈವತ್ತರ ಯುಎಸ್‌ಬಿ ಡಾಂಗಲ್ ಹಾಕಿದ್ರೆ ಕೇಳುತ್ತೆ. ಗಾಜಿನ ಮೆನು ಎಲ್ಲಾ ಚೆಂದ, 4 ಜಿಬಿ ಕಾರ್ಡ್ ಏದುಸಿರು ಬಿಡುತ್ತೆ. ಇಂಟೆಲ್‌ಗೆ ಅದೇ ಕೊನೆ ಆವೃತ್ತಿ ಅಂತ ಆ್ಯಪಲ್ 2025ರಲ್ಲೇ ಹೇಳಿದೆ. ವಾಪಸ್ ಸಿಕೋಯಾ.

ಡಿಟಿಪಿಯವರು ಕೇಳೋದಕ್ಕೆ: ಯೂನಿಕೋಡ್ ಕನ್ನಡಕ್ಕೆ ಏನೂ ಹಾಕ್ಬೇಕಿಲ್ಲ, ಕನ್ನಡ ಸಂಗಮ್ ಎಂಎನ್, ಕೀಬೋರ್ಡ್ ಲೇಔಟ್ ಎಲ್ಲಾ ಜೊತೆಗೇ ಬರುತ್ತೆ. ಹಳೆ ನುಡಿ ಫಾಂಟ್‌ನ ಫೈಲ್‌ಗಳನ್ನ ವಿಂಡೋಸ್‌ನಲ್ಲೇ ಯೂನಿಕೋಡ್ ಮಾಡ್ಕೊಂಡು ತನ್ನಿ. ಇನ್ನು, ಆ್ಯಪಲ್ ಲೈಸೆನ್ಸ್ ಪ್ರಕಾರ ಈ ಓಎಸ್ ಅವರ ಯಂತ್ರಕ್ಕೆ ಮಾತ್ರ. ಕಟ್ಟಿ ಮಾರ್ತೀನಿ ಅಂತ ಹೊರಡಬೇಡಿ, ನನಗೂ ಕಟ್ಟಿಕೊಡು ಅಂತ ಕೇಳಬೇಡಿ.

ಉಳಿದಿರೋ ತೊಂದರೆ ಸ್ಲೀಪ್. ನನ್ನ ಮಾನಿಟರ್‌ಗೆ ವಿಜಿಎ ಮಾತ್ರ, ಪೊಲಾರಿಸ್‌ನಲ್ಲಿ ಅನಲಾಗ್ ಔಟ್‌ಪುಟ್ ಇಲ್ಲ, ನಡುವೆ ಎಚ್‌ಡಿಎಂಐ ಕನ್ವರ್ಟರ್ ಇದೆ. ಎದ್ದಾಗ ಯಂತ್ರ ಎದ್ದಿರುತ್ತೆ, ಕನ್ವರ್ಟರ್ ಎದ್ದಿರಲ್ಲ. ಕಿತ್ತು ಚುಚ್ಚಿದ್ರೆ ಚಿತ್ರ ಬರುತ್ತೆ. ಸದ್ಯಕ್ಕೆ ಪಿಎಂಸೆಟ್ ಕಮಾಂಡ್‌ನಲ್ಲಿ ಸ್ಲೀಪ್ 0 ಮಾಡಿಟ್ಟಿದೀನಿ, ಎಚ್‌ಡಿಎಂಐ ಇರೋ ಸೆಕೆಂಡ್ ಹ್ಯಾಂಡ್ ಮಾನಿಟರ್ ಎರಡೂವರೆ ಸಾವಿರದೊಳಗೆ ಸಿಗೋ ತನಕ.