ಆಷಾಢದಲ್ಲಿ ಮನೆ ನೋಡಿ, ಶ್ರಾವಣದಲ್ಲಿ ಅಡ್ವಾನ್ಸ್ ಕೊಡಿ

ಶಿವಮೊಗ್ಗದಲ್ಲಿ ಆಷಾಢ ಬಂತೆಂದರೆ ಬ್ರೋಕರ್‌ಗಳ ಫೋನ್ ತಣ್ಣಗಾಗುತ್ತದೆ. ಆ ತಿಂಗಳು ಅಡ್ವಾನ್ಸ್ ಕೊಡುವವರಿಲ್ಲ, ಮನೆ ನೋಡಲು ಹೊರಡುವವರೂ ಕಮ್ಮಿ. ನನ್ನ ಕೇಳಿದರೆ, ಕಡಿಮೆ ಬಜೆಟ್ಟಿನವರು ಮನೆ ನೋಡಬೇಕಾದ್ದೇ ಆಗ. ಜಡಿಮಳೆಯಲ್ಲಿ ಮನೆ ತನ್ನ ಗುಟ್ಟೆಲ್ಲ ಬಿಟ್ಟುಕೊಡುತ್ತದೆ. ಗಿರಾಕಿ ಇಲ್ಲದ್ದರಿಂದ ಮಾಲೀಕರೂ ಚೌಕಾಶಿಗೆ ಬಗ್ಗುತ್ತಾರೆ. ಶಾಸ್ತ್ರ ಮೀರಿ ಅಂತ ಹೇಳುತ್ತಿಲ್ಲ. ಅಡ್ವಾನ್ಸ್, ರಿಜಿಸ್ಟ್ರೇಷನ್ ಶ್ರಾವಣಕ್ಕೇ ಇಟ್ಟುಕೊಳ್ಳಿ. ಸುಮ್ನೆ ನೋಡಿ ಬರೋದಕ್ಕೆ ಮುಹೂರ್ತ ಯಾಕೆ, ಅಲ್ವಾ?

ಮೊದಲು ಏರಿಯಾ

ತಿಲಕ್‌ನಗರ, ದುರ್ಗಿಗುಡಿ ಕಡೆ ಸಂಬಳದವರು ತಲೆ ಹಾಕುವ ಹಾಗಿಲ್ಲ. ಹಾಗಾಗಿ ಜನ ಬೊಮ್ಮನಕಟ್ಟೆ, ಮಲ್ಲಿಗೇನಹಳ್ಳಿ, ಅಬ್ಬಲಗೆರೆ, ಸಂತೆಕಡೂರು ಅಂತ ಊರಂಚಿಗೆ ಸರಿಯುತ್ತಿದ್ದಾರೆ. ಅಲ್ಲೂ ದರ ನಿಂತಲ್ಲಿ ನಿಲ್ಲುತ್ತಿಲ್ಲ. 2023ರ ಫೆಬ್ರವರಿಯಲ್ಲಿ ಸೋಗಾನೆ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅಲ್ಲಿಂದ ಯಾವ ಸೈಟ್ ತೋರಿಸಿದರೂ ಅದು ‘ಏರ್‌ಪೋರ್ಟ್‌ಗೆ ಹತ್ತೇ ನಿಮಿಷ ಸಾರ್!’ ವರ್ಷಕ್ಕೆ ಎಷ್ಟು ಸಲ ವಿಮಾನ ಹತ್ತುತ್ತೀರಿ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಸಿಟಿ ಬಸ್ ಎಷ್ಟು ಹೊತ್ತಿಗೊಂದು ಬರುತ್ತದೆ, ರಾತ್ರಿ ಒಂಬತ್ತರ ಮೇಲೆ ಆಟೋದವರು ಬರಲು ಒಪ್ಪುತ್ತಾರಾ, ನಲ್ಲಿ ನೀರು ಬಂದಿದೆಯಾ, ಯುಜಿಡಿ (ಒಳಚರಂಡಿ) ಲೈನ್ ಇದೆಯಾ? ನಿಮ್ಮ ದಿನ ಕಳೆಯುವುದು ಇವುಗಳ ಜೊತೆ. ಮುಂದೆ ಆಗಲಿರುವ ರಿಂಗ್ ರಸ್ತೆಗೆ ಇವತ್ತೇ ದುಡ್ಡು ಕೊಡಬೇಡಿ. ಇವತ್ತು ಅಲ್ಲಿ ಏನಿದೆಯೋ ಅದಕ್ಕಷ್ಟೇ ಕೊಡಿ.

ಒಂದೇ ಮನೆಯನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಮಳೆ ಬರುವಾಗ ಒಮ್ಮೆ ನೋಡಿ. ಮೂರನೆಯದನ್ನು ಮಾತ್ರ ತಪ್ಪಿಸಲೇಬೇಡಿ.

ಮಳೆಯಲ್ಲಿ ನೋಡಬೇಕಾದ್ದು

ಕೋರ್ಪಲಯ್ಯನ ಛತ್ರದ ಹತ್ತಿರ ತುಂಗಾ ಹೊಳೆಯಲ್ಲಿರುವ ಮಂಟಪ ಮುಳುಗಿತು ಅಂದರೆ ದಂಡೆಯವರು ಸಾಮಾನು ಮೇಲೆತ್ತಿ ಇಡಲು ಶುರು ಮಾಡುತ್ತಾರೆ. 2019ರ ಆಗಸ್ಟ್‌ನಲ್ಲಿ ತುಂಗೆ ಊರೊಳಗೇ ನುಗ್ಗಿತ್ತು. ಅದಾದ ಮೇಲೆ ನಾನೊಂದು ಮನೆ ನೋಡಲು ಹೋಗಿದ್ದೆ. ಹೊಳೆಗೆ ಹತ್ತಿರದ ಹಳೇ ಬಡಾವಣೆ, ದರ ಅನುಮಾನ ಬರುವಷ್ಟು ಕಡಿಮೆ. ಗೋಡೆಗೆ ಹೊಸ ಪೇಂಟ್ ಹೊಡೆದಿದ್ದರು. ಹಾಲ್‌ನಲ್ಲಿ ನೇತಾಡುತ್ತಿದ್ದ ಕ್ಯಾಲೆಂಡರ್ ಎತ್ತಿದೆ. ಹಿಂದೆ ಗಾರೆ ಉಬ್ಬಿತ್ತು, ಉಗುರು ತಾಗಿಸಿದರೆ ಉಪ್ಪಿನಂಥ ಬಿಳಿ ಪುಡಿ ಉದುರಿತು. ‘ಪೇಂಟ್ ಇನ್ನೂ ಒಣಗಿಲ್ಲ ಸಾರ್’ ಅಂದ ಬ್ರೋಕರ್. ಹೊರಗೆ ಬಂದು ಪಕ್ಕದ ಮನೆಯವರನ್ನು ಕೇಳಿದೆ: ‘ಆ ವರ್ಷ ನೀರು ಎಲ್ಲಿವರೆಗೆ ಬಂದಿತ್ತಮ್ಮಾ?’ ಅವರು ಮಾತಾಡಲಿಲ್ಲ. ಗೇಟಿನ ಕಂಬದ ಮೇಲೆ ಕೈಯಿಟ್ಟು ತೋರಿಸಿದರು. ನನ್ನ ಎದೆಮಟ್ಟ.

ಬ್ರೋಕರ್‌ಗಿಂತ ಪಕ್ಕದ ಮನೆಯವರನ್ನು ಜಾಸ್ತಿ ನಂಬಿ. ಟೆರೇಸ್ ಹತ್ತಿ ನೀರು ಎಲ್ಲಿ ನಿಲ್ಲುತ್ತದೆ ನೋಡಿ. ಮೇಲೆ ತಗಡಿನ ಶೀಟ್ ಹಾಕಿಸಿದ್ದಾರೆಂದರೆ ಬಟ್ಟೆ ಒಣಗಿಸುವುದಕ್ಕೋ, ಸೋರುವುದಕ್ಕೋ ಅಂತ ಕೇಳಿ. ಬೀರು ಸರಿಸಿ ನೋಡಿದರೆ ಕೆಲವರಿಗೆ ಕೋಪ ಬರಬಹುದು, ಬರಲಿ.

ಕಾಗದಪತ್ರ

ಇಲ್ಲಿ ಅವಸರ ಮಾಡಿದವರೇ ಕೆಟ್ಟವರು. ಪಾಲಿಕೆ ವ್ಯಾಪ್ತಿಯಾದರೆ ಇ-ಖಾತೆ (ಆಸ್ತಿಯ ಡಿಜಿಟಲ್ ದಾಖಲೆ) ಕೇಳಿ, ಪಂಚಾಯ್ತಿಯಾದರೆ ಅಂಥದ್ದೇ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಈಗ ಇದಿಲ್ಲದೆ ರಿಜಿಸ್ಟರ್ ಆಗುವುದಿಲ್ಲ. ‘ಬಿ ಖಾತೆ ಅಷ್ಟೇ, ಏನೂ ತೊಂದರೆ ಇಲ್ಲ’ ಅಂದರೆ ಅದು ನಿಯಮದ ಪ್ರಕಾರ ಆಗಿರದ ಆಸ್ತಿಯ ಖಾತೆ, ನಿಮ್ಮ ಬ್ಯಾಂಕಿನವರನ್ನು ಒಂದು ಮಾತು ಕೇಳಿ ನೋಡಿ. ಆಮೇಲೆ ಚೆಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ. ಟೇಪ್ ಹಿಡಿದು ಅಳೆಯಿರಿ. ಕಾಗದದಲ್ಲಿ ಥರ್ಟಿ ಫಾರ್ಟಿ ಇದ್ದು, ನೆಲದ ಮೇಲೆ ಎರಡಡಿ ಪಕ್ಕದವರ ಕಾಂಪೌಂಡ್ ಒಳಗೆ ಇರುವುದು ಹೊಸದೇನಲ್ಲ.

ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಇಸಿ (ಋಣಭಾರ ಪತ್ರ) ಮನೆಯಲ್ಲೇ ಕೂತು ತೆಗೆಯಬಹುದು. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಿ, ಒಟ್ಟು 30 ವರ್ಷದ್ದು ಇರಲಿ. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ತರಿಸಿ. ಮದುವೆಯಾಗಿ ತೀರ್ಥಹಳ್ಳಿಗೋ ಸಾಗರಕ್ಕೋ ಹೋದ ಅಕ್ಕತಂಗಿಯರ ಸಹಿಯೂ ಬೇಕು.

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ: ಜಾಗದ ಮೂಲ. ಆಶ್ರಯ ಮನೆ, ಹಕ್ಕುಪತ್ರದ ನಿವೇಶನಗಳನ್ನು ಇಂತಿಷ್ಟು ವರ್ಷ ಮಾರಬಾರದು ಅಂತ ಷರತ್ತು ಇರುತ್ತದೆ. ಹಕ್ಕುಪತ್ರವನ್ನು ಹಿಂದೆ ಮುಂದೆ ಪೂರ್ತಿ ಓದಿಸಿಕೊಳ್ಳಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲ. ಮಂಜೂರಾದವರು ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ. ಹಾಗಾಗಿ ಲೇಔಟಿನ ಹಳೇ ಸರ್ವೆ ನಂಬರ್ ಹಿಡಿದು ಪಹಣಿ, ಕನ್ವರ್ಷನ್ (ಭೂ ಪರಿವರ್ತನೆ) ಆದೇಶ, ಸೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಎಲ್ಲವನ್ನೂ ವಕೀಲರ ಮುಂದಿಡಿ. ವಕೀಲರು ನಿಮ್ಮವರಾಗಿರಲಿ, ಬ್ರೋಕರ್ ಕರೆತಂದವರಲ್ಲ.

ದುಡ್ಡಿನ ಲೆಕ್ಕ

ಮನೆ ಬೆಲೆ 40 ಲಕ್ಷ ಅಂದರೆ ಕೈ ಬಿಡುವುದು 40 ಲಕ್ಷ ಅಲ್ಲ. ಪಾಲಿಕೆ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ ಶೇ 5, ಅಂದರೆ 2 ಲಕ್ಷ. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 24 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಯಿತು, ಅಲ್ಲಿಗೆ 80 ಸಾವಿರ. ಒಟ್ಟು 3,04,000 ರೂಪಾಯಿ. ವಕೀಲರ ಫೀಸು, ಬ್ರೋಕರ್ ಕಮಿಷನ್, ಗೃಹಪ್ರವೇಶದ ಊಟ ಬೇರೆ. ಬ್ಯಾಂಕ್ ಸಾಲದಲ್ಲಿ ಇವು ಸಾಮಾನ್ಯವಾಗಿ ಬರುವುದಿಲ್ಲ, ಕೈಯಿಂದಲೇ ಹಾಕಬೇಕು. ಅಡ್ವಾನ್ಸನ್ನು ಚೆಕ್‌ನಲ್ಲಿ ಇಲ್ಲಾ ಬ್ಯಾಂಕ್ ಮೂಲಕವೇ ಕೊಡಿ. ಸಾಲ ಮಂಜೂರಾಗದಿದ್ದರೆ, ದಾಖಲೆಯಲ್ಲಿ ದೋಷ ಸಿಕ್ಕರೆ ಅಡ್ವಾನ್ಸ್ ವಾಪಸ್ ಅಂತ ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಿ.

ರಿಜಿಸ್ಟ್ರೇಷನ್ ಮುಗಿದ ವಾರದಲ್ಲೇ ಖಾತೆ, ನಲ್ಲಿ, ಮೆಸ್ಕಾಂ ಮೀಟರ್ ಮೂರನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ನಾನು ‘ನಾಳೆ ಹೋದರಾಯ್ತು’ ಅಂತ ಬಿಟ್ಟವನು. ಆರು ವರ್ಷ ಆಯ್ತು, ನಮ್ಮನೆ ಕರೆಂಟ್ ಬಿಲ್ ಇವತ್ತಿಗೂ ಬರುವುದು ಮನೆ ಮಾರಿದವರ ಅಜ್ಜನ ಹೆಸರಿಗೆ.