ವ್ಯವಹಾರಕ್ಕೆ ತಕ್ಕ ಡೇಟಾ ಸೆಂಟರ್ ನೆಟ್‌ವರ್ಕ್ ರೂಪಿಸುವ ಕ್ರಮ

ಸರ್ವರ್‌ಗಳನ್ನು ಪರಸ್ಪರ ಜೋಡಿಸುವ ನೆಟ್‌ವರ್ಕ್ ಸ್ವಿಚ್‌ಗಳಿಗೆ ಕೊಟೇಶನ್ ತರಿಸುವ ಮೊದಲು, ಯಾವ ಅಪ್ಲಿಕೇಶನ್ ಎಷ್ಟು ಹೊತ್ತು ನಿಂತರೆ ವ್ಯವಹಾರಕ್ಕೆ ಪೆಟ್ಟು ಬೀಳುತ್ತದೆ, ಯಾವ ಸರ್ವರ್‌ಗಳ ನಡುವೆ ಎಷ್ಟು ಡೇಟಾ ಓಡಾಡುತ್ತದೆ ಎಂಬುದನ್ನು ಆಯಾ ವಿಭಾಗದವರಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಇಂದು ಒಂದು ಆರ್ಡರ್ ದಾಖಲಾಗಬೇಕಾದರೂ ವೆಬ್ ಸರ್ವರ್, ಡೇಟಾಬೇಸ್ ಮತ್ತು ಸ್ಟೋರೇಜ್ ಪರಸ್ಪರ ಹಲವು ಬಾರಿ ಸಂಪರ್ಕಿಸಬೇಕಾಗುವುದರಿಂದ, ಸರ್ವರ್‌ಗಳನ್ನು ಇಡುವ ರ‍್ಯಾಕ್‌ಗಳ ನಡುವಿನ ಟ್ರಾಫಿಕ್ ಬಹಳ ಹೆಚ್ಚಿದೆ. ಸ್ವಿಚ್‌ಗಳನ್ನು ಮೂರು ಹಂತಗಳಲ್ಲಿ ಜೋಡಿಸುವ ಹಳೆಯ ವಿನ್ಯಾಸದಲ್ಲಿ, ಸ್ಪ್ಯಾನಿಂಗ್ ಟ್ರೀ ಎಂಬ ನಿಯಮಾವಳಿ ಲೂಪ್ (ಡೇಟಾ ಸುತ್ತುತ್ತಲೇ ಉಳಿಯುವುದು) ತಪ್ಪಿಸಲೆಂದು ಕೆಲವು ಲಿಂಕ್‌ಗಳನ್ನು ತಡೆದಿಡುವ ಕಾರಣ, ಹಣ ತೆತ್ತು ಹಾಕಿಸಿದ ಕೇಬಲ್ ಬಳಕೆಗೇ ಬರುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬಂದ ಲೀಫ್–ಸ್ಪೈನ್ ವಿನ್ಯಾಸದಲ್ಲಿ ಪ್ರತಿ ರ‍್ಯಾಕ್‌ನ ಲೀಫ್ ಸ್ವಿಚ್, ಮೇಲಿನ ಹಂತದ ಎಲ್ಲ ಸ್ಪೈನ್ ಸ್ವಿಚ್‌ಗಳಿಗೂ ಜೋಡಣೆಯಾಗಿರುತ್ತದೆ, ಮತ್ತು ಎಲ್ಲ ಲಿಂಕ್‌ಗಳೂ ಏಕಕಾಲಕ್ಕೆ ದುಡಿಯುತ್ತವೆ. ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲಾಸ್ 1953ರಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ ಪ್ರಕಟಿಸಿದ ವಿನ್ಯಾಸವೇ ಇದರ ಮೂಲ. ಆದರೆ ಎರಡು ಮೂರು ರ‍್ಯಾಕ್‌ಗಳಷ್ಟೇ ಇರುವ ಸಂಸ್ಥೆಗೆ ಒಂದು ಜೊತೆ ಒಳ್ಳೆಯ ಸ್ವಿಚ್‌ಗಳೇ ಸಾಕಾಗಬಹುದು. ಅಂಥಲ್ಲಿ ಸ್ಪೈನ್ ಹಾಕಿಸುವುದು ದುಂದು ಎಂದೇ ನನ್ನ ಅಭಿಪ್ರಾಯ.

ನಿಜವಾದ ತೀರ್ಮಾನ ಇರುವುದು ಅಪ್‌ಲಿಂಕ್, ಅಂದರೆ ಲೀಫ್‌ನಿಂದ ಸ್ಪೈನ್‌ಗೆ ಹೋಗುವ ಲಿಂಕ್‌ಗಳ ಲೆಕ್ಕದಲ್ಲಿ. ಲೀಫ್‌ನಲ್ಲಿ 25 ಗಿಗಾಬಿಟ್‌ನ 48 ಪೋರ್ಟ್‌ಗಳಿದ್ದರೆ ಸರ್ವರ್‌ಗಳ ಕಡೆಗೆ ಒಟ್ಟು 1,200 ಗಿಗಾಬಿಟ್ ಆಯಿತು. ಮೇಲಕ್ಕೆ 100 ಗಿಗಾಬಿಟ್‌ನ ನಾಲ್ಕು ಲಿಂಕ್ ಕೊಟ್ಟರೆ ಕೆಳಗಿನ ಮತ್ತು ಮೇಲಿನ ಸಾಮರ್ಥ್ಯದ ಅನುಪಾತ 3:1, ಆರು ಕೊಟ್ಟರೆ 2:1. ಸಾಮಾನ್ಯ ವೆಬ್ ಅಪ್ಲಿಕೇಶನ್‌ಗಳಿಗೆ ಮೊದಲನೆಯದು ಸಾಕಾಗುತ್ತದೆ. ರಾತ್ರಿಯ ಬ್ಯಾಕಪ್ ಬೆಳಗಾಗುವುದರೊಳಗೆ ಮುಗಿಯಲೇಬೇಕಾದ ಕಡೆ ಎರಡನೆಯದಕ್ಕೆ ಹಣ ಕೇಳಲು ಹಿಂಜರಿಯಬಾರದು. ಸ್ಪೈನ್‌ಗಳು ಎರಡೇ ಇದ್ದರೆ ಒಂದು ಕೆಟ್ಟಾಗ ಅರ್ಧ ಸಾಮರ್ಥ್ಯ ಹೋಗುತ್ತದೆ, ನಾಲ್ಕಿದ್ದರೆ ಕಾಲು ಭಾಗವಷ್ಟೇ.

ಒಂದೇ ಜಾಲವನ್ನು ಹಲವು ವಿಭಾಗಗಳಾಗಿ ಬೇರ್ಪಡಿಸುವ ವಿಲ್ಯಾನ್‌ಗಳು (ವರ್ಚುವಲ್ ಲ್ಯಾನ್) ನೀಡುವುದು 4,094 ವಿಭಾಗ ಸಂಖ್ಯೆಗಳನ್ನು ಮಾತ್ರ. ಅದರ ವಿಸ್ತೃತ ರೂಪವಾದ, 24 ಬಿಟ್‌ನ ಸಂಖ್ಯೆ ಬಳಸುವ ವಿಎಕ್ಸ್‌ಲ್ಯಾನ್ 1.6 ಕೋಟಿಗೂ ಹೆಚ್ಚು ನೀಡುತ್ತದೆ, ಜೊತೆಗೆ ಒಂದೇ ವಿಭಾಗವನ್ನು ಹಲವು ರ‍್ಯಾಕ್‌ಗಳಿಗೆ ಹಬ್ಬಿಸಲು ಅವಕಾಶ ಕೊಡುತ್ತದೆ. ಆದರೆ ಅದು ಡೇಟಾದ ಪ್ರತಿ ತುಣುಕಿಗೆ, ಅಂದರೆ ಪ್ಯಾಕೆಟ್‌ಗೆ, ಸುಮಾರು 50 ಬೈಟ್ ಸೇರಿಸುವುದರಿಂದ, ಲೀಫ್–ಸ್ಪೈನ್ ನಡುವಿನ ಎಲ್ಲ ಪೋರ್ಟ್‌ಗಳಲ್ಲೂ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಹೆಚ್ಚಿಸಬೇಕು. ಒಂದೇ ಒಂದು ಪೋರ್ಟ್ 1,500 ಬೈಟ್‌ನಲ್ಲಿ ಉಳಿದರೂ, ಸಂಪರ್ಕ ಪರೀಕ್ಷಿಸುವ ಸಣ್ಣ ಪಿಂಗ್ ಸರಾಗವಾಗಿ ಹೋಗಿ, ದೊಡ್ಡ ಫೈಲ್ ವರ್ಗಾವಣೆ ಮಾತ್ರ ನಿಂತುಬಿಡುತ್ತದೆ. ಆದ್ದರಿಂದ ಸರ್ವರ್‌ಗಳ ಎಂಟಿಯು 9,000 ಇದ್ದರೆ, ಪ್ಯಾಕೆಟ್ ಒಡೆಯದಂತೆ ನಿರ್ಬಂಧಿಸಿ 8,972 ಬೈಟ್‌ನ ಪಿಂಗ್ (ಉಳಿದ 28 ಬೈಟ್ ಹೆಡರ್‌ಗೆ) ಕಳಿಸಿ ಪ್ರತಿ ದಾರಿಯನ್ನೂ ಪರೀಕ್ಷಿಸಬೇಕು.

ಮುಖ್ಯ ಜಾಲ ಕೆಟ್ಟಾಗಲೂ ಸ್ವಿಚ್‌ಗಳನ್ನು ತಲುಪಲು, ಅವುಗಳ ನಿರ್ವಹಣೆಗೆ ಪ್ರತ್ಯೇಕ ಜಾಲವೊಂದು ಇರಲೇಬೇಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಗಂಟೆಗಟ್ಟಲೆ ಸ್ಥಗಿತಗೊಂಡಾಗ, ಮುಖ್ಯ ಜಾಲದೊಂದಿಗೆ ಈ ಪ್ರತ್ಯೇಕ ದಾರಿಯೂ ಕೈಕೊಟ್ಟಿದ್ದರಿಂದ ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗಳಿಗೆ ಖುದ್ದಾಗಿ ಹೋಗಬೇಕಾಯಿತು. ಹಾಗಾಗಿ ಆ ಜಾಲಕ್ಕೆ ಬೇರೆ ಸ್ವಿಚ್, ಬೇರೆ ಇಂಟರ್ನೆಟ್ ಸಂಪರ್ಕ ಕೊಡಬೇಕು. ಅದರ ಲಾಗಿನ್ ಮತ್ತು ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಮುಖ್ಯ ಜಾಲವನ್ನು ಅವಲಂಬಿಸಿಲ್ಲವೆಂಬುದನ್ನು, ಸೇವೆ ಆರಂಭಿಸುವ ಮುನ್ನವೇ ಸ್ಪೈನ್‌ಗಳನ್ನೆಲ್ಲ ಆಫ್ ಮಾಡಿ ಖಚಿತಪಡಿಸಿಕೊಳ್ಳಬೇಕು.